ಕೆರೆ ತುಂಬುವ ಕೌದಿ

ಗುಬ್ಬಿ ತಾಲ್ಲೂಕಿನ ಕಡಬ ಹೋಬಳಿಯ ಯಾವ ಮನೆಯ ಬೀರು ತೆಗೆದರೂ ಒಂದು ಖಾನೆಯ ತುಂಬ ರವಿಕೆ ಕಣಗಳಿರುತ್ತವೆ. ಗೌರಿ ಹಬ್ಬದ ಬಾಗಿನದಲ್ಲಿ ಬಂದವು, ಮದುವೆ ಮನೆಯಲ್ಲಿ ಮಡಿಲಿಗೆ ಹಾಕಿದವು, ಗೃಹಪ್ರವೇಶದಲ್ಲಿ ಅರಿಸಿನ ಕುಂಕುಮದ ಜೊತೆ ಕೊಟ್ಟವು. ಹೊಲಿಸಿಕೊಳ್ಳೋಣವೆಂದರೆ ಬಣ್ಣ ಒಪ್ಪುವುದಿಲ್ಲ, ಬಿಸಾಡೋಣವೆಂದರೆ ಮನಸ್ಸು ಬರುವುದಿಲ್ಲ. ಅದರ ಕೆಳಗಿನ ಖಾನೆಯಲ್ಲಿ ಅಂಚು ಸವೆದ ಹತ್ತಿ ಸೀರೆ, ಅಜ್ಜ ಉಡುತ್ತಿದ್ದ ಪಂಚೆ, ಮಕ್ಕಳಿಗೆ ಗಿಡ್ಡವಾದ ಶಾಲೆಯ ಸಮವಸ್ತ್ರ. ಒಂದು ಕೌದಿಗೆ ಬೇಕಾದ ಸಾಮಾನೆಲ್ಲ ಅಲ್ಲಿಯೇ ಇದೆ. ಇಲ್ಲದಿರುವುದು ಒಟ್ಟಿಗೆ ಕೂತು ಹೊಲಿಯುವ ನಾಲ್ಕು ಜನ.

ಕೌದಿ ಎಂದ ಕೂಡಲೇ ನಮಗೆ ಅಜ್ಜಿ ನೆನಪಾಗುತ್ತಾಳೆ, ಚಳಿಗಾಲದ ಬೆಚ್ಚನೆಯ ನಿದ್ದೆ ನೆನಪಾಗುತ್ತದೆ. ಆ ಅಕ್ಕರೆಯಲ್ಲಿ ಅದರ ಹಿಂದಿನ ದುಡಿಮೆ ಕಣ್ಣಿಗೆ ಬೀಳುವುದಿಲ್ಲ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಸೀರೆಯೊಂದು ಸುಮಾರು 18 ಅಡಿ ಉದ್ದ, 45 ಇಂಚು ಅಗಲ. ಅದನ್ನು ಮೂರು ಪದರವಾಗಿ ಮಡಿಸಿದರೆ ಆರು ಅಡಿ ಉದ್ದದ, ಒಬ್ಬರು ಹೊದ್ದು ಮಲಗುವಷ್ಟು ಹಾಸು ಸಿಗುತ್ತದೆ. ಮೇಲಿನ ತೇಪೆಗಳೇ ನಾಲ್ಕನೆಯ ಪದರ. ಇವಿಷ್ಟನ್ನೂ ಹಿಡಿದು ನಿಲ್ಲಿಸುವುದು ಬೆರಳಗಲಕ್ಕೊಂದು ಸಾಲಿನಂತೆ ಹಾಕುವ ಎಳೆ ಹೊಲಿಗೆ. ಸಾಲಿನಿಂದ ಸಾಲಿಗೆ ಮುಕ್ಕಾಲು ಇಂಚು ಎಂದಿಟ್ಟುಕೊಂಡರೆ 60 ಸಾಲು, ಒಟ್ಟು 360 ಅಡಿ ಹೊಲಿಗೆ. ಇಂಚಿಗೆ ಎರಡರಂತೆ 8,640 ಸಲ ಸೂಜಿ ಬಟ್ಟೆಯಿಂದ ಮೇಲೇಳಬೇಕು. ಗಂಟೆಗೆ 15 ಅಡಿ ಹೊಲಿದರೂ ಒಬ್ಬರಿಗೆ 24 ಗಂಟೆ ಹಿಡಿಯುತ್ತದೆ. ಮನೆಗೆಲಸ, ಹಟ್ಟಿಕೆಲಸದ ನಡುವೆ ಒಬ್ಬಳೇ ಹೊಲಿಯುತ್ತ ಹೋದರೆ ತಿಂಗಳು ಕಳೆಯುತ್ತದೆ. ನಾಲ್ಕು ಮಂದಿ ನಾಲ್ಕು ಮೂಲೆಗೆ ಕೂತರೆ ಅದು ಆರು ಗಂಟೆಯ ಕೆಲಸ. ಕೌದಿಯ ಸುತ್ತ ಹೆಂಗಸರು ಗುಂಪಾಗಿ ಕೂರುತ್ತಿದ್ದುದಕ್ಕೆ ಮೊದಲ ಕಾರಣ ಈ ಲೆಕ್ಕವೇ. ಮಾತು, ಹಾಡು, ನಗು ಆಮೇಲೆ ಸೇರಿಕೊಂಡವು.

ಕೌದಿಯ ತವರು ಉತ್ತರ ಕರ್ನಾಟಕ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಇಳಕಲ್ ಸೀರೆಯ ಸವೆದ ಒಡಲು, ಗುಳೇದಗುಡ್ಡದ ಖಣದ ಚೂರು ಎಲ್ಲವೂ ಅದರೊಳಗೆ ಸೇರುತ್ತಿದ್ದವು. ಗೊಂದಲಿಗರು, ಬುಡಬುಡಿಕೆಯವರಂಥ ಅಲೆಮಾರಿ ಸಮುದಾಯಗಳ ಹೆಂಗಸರು ಊರೂರು ತಿರುಗಿ, ಮನೆಯವರು ಕೊಟ್ಟ ಹಳೆಬಟ್ಟೆಯಲ್ಲಿ ಅವರ ಜಗಲಿಯ ಮೇಲೆಯೇ ಕೌದಿ ಹೊಲಿದುಕೊಟ್ಟು, ಕಾಳುಕಡಿಯನ್ನೋ ಕಾಸನ್ನೋ ಕೂಲಿಯಾಗಿ ಪಡೆಯುತ್ತಿದ್ದರು. ನಮ್ಮ ತುಮಕೂರು ಸೀಮೆಯಲ್ಲಿ ಚಳಿಗೆ ಕಂಬಳಿಯೇ ಮುಂದು. ಚಿಕ್ಕನಾಯಕನಹಳ್ಳಿ, ಶಿರಾ ಕಡೆಯ ಕುರಿಯ ಉಣ್ಣೆ ರಾಗಿ ಕಣದ ಕಾವಲಿಗೂ ಬಾಣಂತಿಯ ಕೋಣೆಗೂ ಒದಗುತ್ತಿತ್ತು. ಹಾಗೆಂದು ಇಲ್ಲಿ ತೇಪೆಯ ಹೊದಿಕೆ ಇರಲಿಲ್ಲವೆಂದಲ್ಲ. ಬೊಂತೆ ಎಂದು ಕರೆಸಿಕೊಂಡು ಪ್ರತಿ ಮನೆಯ ಚಾಪೆಯ ಮೇಲೂ ಇತ್ತು. ಕಂಬಳಿಗೆ ದುಡ್ಡು ಬೇಕು, ಬೊಂತೆಗೆ ಮನೆಯ ಹಳೆಬಟ್ಟೆ ಸಾಕು. ಮಾರ್ನಮಿಗೂ ಯುಗಾದಿಗೂ ಮುಂಚೆ ಮನೆಯ ಹೊದಿಕೆಗಳನ್ನೆಲ್ಲ ಗಂಟುಕಟ್ಟಿ ಕೆರೆಗೆ ಒಯ್ದು, ಕಲ್ಲಿಗೆ ಸೆಣೆದು, ಏರಿಯ ಮೇಲೆ ಹರವುತ್ತಿದ್ದ ಕಾಲವನ್ನು ಈಗಿನ ಐವತ್ತು ದಾಟಿದವರೆಲ್ಲ ಕಂಡಿದ್ದಾರೆ.

ಹಳೆಬಟ್ಟೆಯೇ ಏಕೆ? ಬಡತನ ಒಂದು ಕಾರಣ, ಅದೊಂದೇ ಅಲ್ಲ. ಹತ್ತಾರು ಸಲ ಒಗೆದ ಹತ್ತಿ ಬಟ್ಟೆ ಕುಗ್ಗುವಷ್ಟು ಕುಗ್ಗಿರುತ್ತದೆ, ಬಣ್ಣ ಬಿಡುವಷ್ಟು ಬಿಟ್ಟಿರುತ್ತದೆ, ಗಂಜಿ ಹೋಗಿ ನೂಲು ಮೆತ್ತಗಾಗಿರುತ್ತದೆ. ನಾಲ್ಕು ಪದರದಲ್ಲೂ ಸೂಜಿ ಸಲೀಸಾಗಿ ಇಳಿಯುತ್ತದೆ. ಹೊಸ ಬಟ್ಟೆಯನ್ನು ನೆನೆಸದೆ ಸೇರಿಸಿದರೆ ಮೊದಲ ಒಗೆತಕ್ಕೇ ಅದೊಂದು ಕುಗ್ಗಿ, ಸುತ್ತಲಿನ ತೇಪೆಗಳನ್ನು ಎಳೆದು, ಇಡೀ ಕೌದಿ ಮುದುರಿಕೊಳ್ಳುತ್ತದೆ. ಕ್ವಿಲ್ಟ್ ಎಂಬ ವಿದೇಶದ ಹೊದಿಕೆಗಳಲ್ಲಿ ಮೇಲುಹೊದಿಕೆಗೂ ತಳಕ್ಕೂ ನಡುವೆ ಹತ್ತಿಯ ಹಾಳೆಯೊಂದನ್ನು ಇಡುತ್ತಾರೆ. ನಮ್ಮ ಕೌದಿಗೆ ಅದು ಬೇಡ. ಪದರ ಪದರದ ನಡುವೆ ನಿಂತ ಗಾಳಿಯೇ ಮೈಯ ಕಾವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಒಗೆದರೆ ಒಂದೇ ಬಿಸಿಲಿಗೆ ಒಣಗುತ್ತದೆ. ಹಸುಗೂಸಿಗೆ ಹೊಸಬಟ್ಟೆ ಬಿಟ್ಟು ಹಳೆಸೀರೆಯ ಹಾಸನ್ನೇ ಹುಡುಕುತ್ತಿದ್ದ ಬಾಣಂತನದ ಅಜ್ಜಿಯರಿಗೆ ಈ ವಿಜ್ಞಾನ ಚೆನ್ನಾಗಿ ಗೊತ್ತಿತ್ತು.

ಇದೇ ಕಾರಣಕ್ಕೆ ಬೀರುವಿನ ರವಿಕೆ ಕಣಗಳನ್ನು ಕಣ್ಣುಮುಚ್ಚಿ ಬಳಸುವ ಹಾಗಿಲ್ಲ. ಅವುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಬೆರೆತವು. ಸೂಜಿಯ ಕೆಳಗೆ ಜಾರುತ್ತವೆ, ಬೆವರು ಹೀರುವುದಿಲ್ಲ. ಒಂದು ಎಳೆಯನ್ನು ಕಿತ್ತು ಬೆಂಕಿಗೆ ಹಿಡಿದರೆ ಗೊತ್ತಾಗುತ್ತದೆ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಂಟಾಗುತ್ತದೆ. ಹತ್ತಿಯವನ್ನು ಬೇರೆ ಮಾಡಿ, ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿದರೆ ಅವೂ ಕೌದಿಗೆ ಬರುತ್ತವೆ.

ಹೊರದೇಶಗಳಲ್ಲಿ ಈ ಕೂಡಿ ಹೊಲಿಯುವ ಪದ್ಧತಿ ಹೊಸ ರೂಪ ತಾಳಿದೆ. 19ನೇ ಶತಮಾನದ ಅಮೆರಿಕದ ಹಳ್ಳಿಗಳಲ್ಲಿ ನೆರೆಹೊರೆಯ ಹೆಂಗಸರು ಒಂದು ಮನೆಯಲ್ಲಿ ಸೇರಿ, ಮರದ ಚೌಕಟ್ಟಿಗೆ ಬಿಗಿದ ಹೊದಿಕೆಯ ಸುತ್ತ ಕೂತು ಒಂದೇ ದಿನದಲ್ಲಿ ಮುಗಿಸುತ್ತಿದ್ದರು. ಅದನ್ನು ಕ್ವಿಲ್ಟಿಂಗ್ ಬೀ ಎನ್ನುತ್ತಿದ್ದರು. ಈಗ ಅಲ್ಲಿ ಹೊಲಿಗೆ ಶಿಬಿರಗಳು, ಅಂದರೆ ಸೂಯಿಂಗ್ ರಿಟ್ರೀಟ್‌ಗಳು, ನಡೆಯುತ್ತವೆ. ಗೆಳತಿಯರ ಗುಂಪು ವಾರಾಂತ್ಯಕ್ಕೆ ಊರಾಚೆಯ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಹೊಲಿಗೆ ಯಂತ್ರಗಳನ್ನು ಕಾರಿಗೆ ತುಂಬಿಕೊಂಡು ಹೋಗುತ್ತದೆ. ಮೊದಲೇ ಒಂದು ವಸ್ತುವನ್ನು ಗೊತ್ತುಮಾಡಿಕೊಂಡಿರುತ್ತಾರೆ: ಋತು, ಹೂದೋಟ, ಕಡಲು, ಗೆಳತಿಯೊಬ್ಬಳಿಗೆ ಹುಟ್ಟಲಿರುವ ಮಗು. ಒಬ್ಬೊಬ್ಬರು ಒಂದೊಂದು ಚೌಕ ಹೊಲಿಯುತ್ತಾರೆ, ಕೊನೆಗೆ ಎಲ್ಲವನ್ನೂ ಜೋಡಿಸುತ್ತಾರೆ. ಅಡುಗೆ ಸರದಿಯ ಮೇಲೆ. ನಮ್ಮ ಓದುಗರಿಗೆ ಇದು ಶ್ರೀಮಂತರ ಹವ್ಯಾಸವೆನಿಸಬಹುದು. ಆದರೆ ಬಾಡಿಗೆ ಮನೆಯನ್ನು ತೆಗೆದು ಅಲ್ಲಿ ಒಂದು ನಡುಮನೆಯನ್ನು ಇಡಿ, ಸುಗ್ಗಿ ಮುಗಿದ ಮಾಘ ಮಾಸದ ಮಧ್ಯಾಹ್ನವೊಂದನ್ನು ಇಡಿ, ಇದು ನಮ್ಮದೇ ಪದ್ಧತಿ.

ಒಂದು ವಸ್ತುವನ್ನಿಟ್ಟುಕೊಂಡು ಹೊಲಿಯುವುದು ಕೂಡ ನಮಗೆ ಹೊಸದಲ್ಲ. ಅದಕ್ಕೆ ಕರ್ನಾಟಕದಲ್ಲೇ ಇರುವ ಗಟ್ಟಿ ಉದಾಹರಣೆ ಉತ್ತರ ಕನ್ನಡದ ಸಿದ್ದಿ ಹೆಂಗಸರದು. ಆಫ್ರಿಕಾ ಮೂಲದ ಈ ಸಮುದಾಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ತಲೆಮಾರುಗಳಿಂದ ನೆಲೆಸಿದೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಹೊಲಿಯುವ ಕ್ರಮ ಒಂದೇ, ಮೇಲಿನ ವಿನ್ಯಾಸ ಬೇರೆ. ಕ್ರೈಸ್ತ ಸಿದ್ದಿಯರ ಕೌದಿಯಲ್ಲಿ ಶಿಲುಬೆ ಮೂಡುತ್ತದೆ, ಮುಸ್ಲಿಂ ಸಿದ್ದಿಯರದರಲ್ಲಿ ಅರ್ಧಚಂದ್ರ. ಅಂಚಿನಿಂದ ಶುರುಮಾಡಿ, ಒಳಮುಖವಾಗಿ ಸುತ್ತು ಬರುತ್ತ, ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಯಲ್ಲೂ ಮಡಿಚಿದ ಬಟ್ಟೆಯ ಮುಕ್ಕೋನವೊಂದು ಹೊರಗೆ ಚಾಚಿರುತ್ತದೆ. ಅದನ್ನು ಅವರು ಫೂಲ, ಅಂದರೆ ಹೂವು, ಎನ್ನುತ್ತಾರೆ. ಅದಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈಯದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಇವನ್ನು ಅಭ್ಯಾಸ ಮಾಡಿದರು. ಅವರ ನೆರವಿನೊಂದಿಗೆ 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರ ಸಂಘ ರೂಪುಗೊಂಡಿತು. ಹಳ್ಳಿಯ ಮನೆಗಳಲ್ಲಿ ಹೊದ್ದು ಹರಿಯುತ್ತಿದ್ದ ಈ ಹೊದಿಕೆಗಳು ಅಮೆರಿಕದ ವಸ್ತುಸಂಗ್ರಹಾಲಯದ ಗೋಡೆಯನ್ನೂ ಏರಿವೆ.

ಅಂಚಿನಿಂದ ನಡುವಿಗೆ ಬರುವ ಈ ಕ್ರಮದ ಜಾಣತನವನ್ನು ಹೊಲಿಯಲು ಕೂತಾಗಲೇ ಮನಗಾಣಬೇಕು. ಹೊರ ಅಂಚು ಮೊದಲೇ ಮಡಿಚಿ ಭದ್ರವಾಗುವುದರಿಂದ ಕೊನೆಯಲ್ಲಿ ಪಟ್ಟಿ ಕಟ್ಟುವ ಕೆಲಸ ಉಳಿಯುವುದಿಲ್ಲ. ಒಂದು ತೇಪೆಯ ಒಳ ಅಂಚನ್ನು ಹಾಗೇ ಬಿಟ್ಟು, ಮುಂದಿನ ತೇಪೆಯ ಮಡಿಚಿದ ಅಂಚನ್ನು ಅದರ ಮೇಲೇರಿಸಿ ಹೊಲಿದರೆ ಹಸಿ ಅಂಚು ಅಡಗಿಹೋಗುತ್ತದೆ. ತೇಪೆ ಕೂರಿಸುವುದೂ ಪದರ ಬಿಗಿಯುವುದೂ ಒಂದೇ ಹೊಲಿಗೆಯಲ್ಲಿ ಆಗುತ್ತದೆ. ಯಂತ್ರವೂ ಬೇಡ, ಚೌಕಟ್ಟೂ ಬೇಡ, ಅಳತೆಪಟ್ಟಿಯೂ ಬೇಡ. ಉತ್ತರ ಕರ್ನಾಟಕದ ಕೆಲವೆಡೆ ಕೊನೆಯ ತೇಪೆ ಮುಚ್ಚುವ ಮೊದಲು ಅದರೊಳಗೆ ನಾಲ್ಕು ಅಕ್ಕಿಕಾಳನ್ನೋ ಹೋಳಿಗೆಯ ಚೂರನ್ನೋ ಇಟ್ಟು ಹೊಲಿಯುತ್ತಾರೆ. ಕೌದಿಗೂ ಹೊಟ್ಟೆಯಿದೆ, ಅದು ಹಸಿದಿರಬಾರದು ಎಂಬ ನಂಬಿಕೆ.

ಕಡಬದ ಗೆಳತಿಯೊಬ್ಬರ ಮನೆಯಲ್ಲಿ ಸಂಕ್ರಾಂತಿ ಕಳೆದ ಮೇಲೆ ನಾವು ಕೆಲವರು ಕೌದಿ ಹೊಲಿಯಲು ಸೇರಿದಾಗ, ವಸ್ತು ಯಾವುದಿರಲಿ ಎಂಬ ಮಾತಿಗೇ ಒಂದು ಬೆಳಗು ಹೋಯಿತು. ಒಬ್ಬರು ಚೇಳೂರು ಹಲಸು ಎಂದರು. ಕೆಂದೊಳೆಯ ಸಿದ್ದು ಹಲಸು ಈಗ ನಾಡಿಗೆಲ್ಲ ಗೊತ್ತಾಗಿರುವುದು ನಮ್ಮ ಗುಬ್ಬಿ ತಾಲ್ಲೂಕಿನ ಹೆಮ್ಮೆ. ಇನ್ನೊಬ್ಬರು 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯ ರಂಗುರಂಗಿನ ಪರದೆಗಳನ್ನು ನೆನೆದರು. ಕೊನೆಗೆ ಎಲ್ಲರೂ ಒಪ್ಪಿದ್ದು ಕೆರೆಯನ್ನು. ಶಿಂಷೆಗೆ ಅಡ್ಡಲಾಗಿ ಕಟ್ಟಿದ ಕಡಬದ ಕೆರೆ ಈ ಊರಿನ ಹುಟ್ಟುಕಥೆಯಲ್ಲೇ ಇದೆ. ಇಲ್ಲಿ ಕದಂಬ ಋಷಿಯ ಆಶ್ರಮವಿತ್ತು, ಲಂಕೆಯಿಂದ ಮರಳುವಾಗ ಶ್ರೀರಾಮ ಇಲ್ಲಿ ತಂಗಿದ್ದ, ಕೆರೆ ಆಗ ಆದದ್ದು ಎನ್ನುತ್ತದೆ ಸ್ಥಳಪುರಾಣ.

ಕೆರೆಯನ್ನು ಆರಿಸಿದ ಮೇಲೆ ಹೊಲಿಗೆಯ ಕ್ರಮವೇ ಚಿತ್ರವನ್ನು ತೋರಿಸಿಕೊಟ್ಟಿತು. ಹೊರ ಅಂಚಿಗೆ ಹೊಲದ ಕೆಮ್ಮಣ್ಣು: ಅದಕ್ಕೆ ಕಾವಿ ಬಣ್ಣದ ಹಳೆ ಸೀರೆ, ಮಾಸಿದ ಖಾಕಿ. ಅದರ ಒಳಗಿನ ಸುತ್ತಿಗೆ ತೆಂಗು, ಅಡಿಕೆ ತೋಟದ ಕಡುಹಸಿರು. ಆಮೇಲೆ ಅಚ್ಚುಕಟ್ಟಿನ ಗದ್ದೆ: ಎಳೆಹಸಿರಿನ ರವಿಕೆ ಕಣಗಳ ಚೌಕ, ನಡುನಡುವೆ ಬದುವಾಗಿ ಬಿಳಿ ಪಂಚೆಯ ಪಟ್ಟಿ. ಅದಾದ ಮೇಲೆ ಏರಿ, ಅದಕ್ಕೆ ಅಜ್ಜನೊಬ್ಬರ ಪಟಾಪಟಿ ಚಡ್ಡಿಯ ಗೀರುಗೀರು ಬಟ್ಟೆ. ನಟ್ಟನಡುವೆ ನೀರು, ಶಾಲೆಯ ಸಮವಸ್ತ್ರದ ನೀಲಿ. ಅಂಚಿನಿಂದ ಒಳಗೆ ಬರುವ ಕೌದಿಯಲ್ಲಿ ನೀರು ತುಂಬುವುದು ಕೊನೆಗೆ. ಹೊಟ್ಟೆಯೆಂದು ಕರೆಯುವ ಜಾಗದಲ್ಲೇ ಕೆರೆ ಬಂದು ಕೂತಿತು.

ಕೆಲಸ ಹೀಗೆ ನಡೆಯುತ್ತದೆ. ಮಡಿಸಿದ ಸೀರೆಯನ್ನು ಚಾಪೆಯ ಮೇಲೆ ಸುಕ್ಕಿಲ್ಲದಂತೆ ಹರವಿ, ನಾಲ್ಕು ಮೂಲೆಗೂ ನಡುವಿಗೂ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರ ಜರುಗದಂತೆ ನಿಲ್ಲಿಸುತ್ತಾರೆ. ತೇಪೆಯ ಅಂಚನ್ನು ಅರ್ಧ ಬೆರಳು ಒಳಮಡಿಚಿ ಉಗುರಿನಿಂದ ಗೀರಿದರೆ ಇಸ್ತ್ರಿ ಮಾಡಿದಷ್ಟೇ ಚೂಪಾಗಿ ಮಡಿಕೆ ಬೀಳುತ್ತದೆ. ದಪ್ಪ ಹತ್ತಿದಾರವನ್ನು ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು ಕತ್ತರಿಸಿ, ಮೇಣದ ತುಂಡಿಗೆ ಒಮ್ಮೆ ಉಜ್ಜಬೇಕು. ಇಲ್ಲವಾದರೆ ನಾಲ್ಕು ಪದರ ದಾಟುವಷ್ಟರಲ್ಲಿ ಅದು ಜೂಲಾಗಿ ಗಂಟುಬೀಳುತ್ತದೆ. ಗಂಟನ್ನು ಪದರದ ಒಳಗೆ ಅಡಗಿಸಬೇಕು, ಮೈಗೆ ತಾಕಬಾರದು. ಎಡಗೈ ಬಟ್ಟೆಯ ಕೆಳಗಿದ್ದು ಸೂಜಿಯ ಮೊನೆಯನ್ನು ಕಾಯುತ್ತದೆ, ಬಲಗೈ ಮೂರು ನಾಲ್ಕು ಹೊಲಿಗೆಯನ್ನು ಒಟ್ಟಿಗೆ ಸೂಜಿಗೇರಿಸಿ ಒಂದೇ ಸಲ ಎಳೆಯುತ್ತದೆ. ನಮ್ಮ ಗುಂಪಿನಲ್ಲಿ ಚಿಕ್ಕವಳು ಜೋರಾಗಿ ಎಳೆದಾಗ ಆಚೆಮನೆಯ ಅಜ್ಜಿ ಅವಳ ಕೈ ಹಿಡಿದು ನಿಲ್ಲಿಸಿದರು: ‘ಅಷ್ಟು ಬಿಗಿಯಾಗಿ ಎಳೀಬ್ಯಾಡ ಕಣವ್ವ, ಒಗ್ದಾಗ ಮುದುರ್ಕಂಡ್ಬಿಡ್ತದೆ.’ ನಾಲ್ವರ ಕೈ ಒಂದೇ ಹದಕ್ಕೆ ಬರಬೇಕು. ಒಬ್ಬರದು ಬಿಗಿ, ಇನ್ನೊಬ್ಬರದು ಸಡಿಲವಾದರೆ ನಡುವಿಗೆ ಬರುವಷ್ಟರಲ್ಲಿ ಬಟ್ಟೆ ಉಬ್ಬುತ್ತದೆ. ಅದಕ್ಕಾಗಿ ಆಗಾಗ ಮೂಲೆ ಬದಲಿಸಿಕೊಂಡು ಕೂರುವುದು ಒಳ್ಳೆಯದು.

ವಸ್ತುವೆಂದರೆ ಚಿತ್ರ ಬಿಡಿಸುವುದೆಂದು ತಿಳಿಯಬೇಕಾಗಿಲ್ಲ. ಬಾತುಕೋಳಿ, ತಾವರೆಗಳನ್ನು ಕತ್ತರಿಸಿ ಅಂಟಿಸಿದ ಕೌದಿಗಿಂತ, ಯಾರ ಬಟ್ಟೆ ಯಾವ ಜಾಗದಲ್ಲಿ ಕೂತಿದೆ ಎಂಬುದರಲ್ಲೇ ಅರ್ಥ ಹುಟ್ಟುವ ಕೌದಿ ನನಗೆ ಹೆಚ್ಚು. ಬೌದ್ಧ ಭಿಕ್ಷುಗಳ ಚೀವರವನ್ನೇ ನೋಡಿ. ಮಗಧದ ಗದ್ದೆಗಳನ್ನೂ ಅವುಗಳ ಬದುಗಳನ್ನೂ ತೋರಿಸಿ, ಆ ಮಾದರಿಯಲ್ಲಿ ಚೂರುಬಟ್ಟೆ ಜೋಡಿಸಿ ಉಡುಪು ಹೊಲಿಯಲು ಬುದ್ಧ ಆನಂದನಿಗೆ ಹೇಳಿದನೆಂದು ವಿನಯಪಿಟಕ ತಿಳಿಸುತ್ತದೆ. ಅಲ್ಲಿ ಗದ್ದೆಯ ಚಿತ್ರವಿಲ್ಲ, ಗದ್ದೆಯ ಜೋಡಣೆಯಿದೆ. ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಕಪ್ಪುಜನರ ಹಳ್ಳಿಯ ಮಿಸೌರಿ ಪೆಟ್ವೇ, ಗಂಡ ತೀರಿಕೊಂಡ ಮೇಲೆ 1942ರಲ್ಲಿ ಅವನು ಹೊಲದ ಕೆಲಸಕ್ಕೆ ಹಾಕುತ್ತಿದ್ದ ಬಟ್ಟೆಗಳನ್ನೇ ಬಿಚ್ಚಿ ಹೊದಿಕೆ ಮಾಡಿಕೊಂಡಳು. ಮೊಣಕಾಲು ಸವೆದ ಷರಾಯಿಯ ನೀಲಿ, ಮಾಸಿದ ಅಂಗಿ. ಆ ಹಳ್ಳಿಯ ಹೊದಿಕೆಗಳನ್ನು 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಪ್ರದರ್ಶಿಸಿತು. ಗಂಡನನ್ನೋ ತಾಯಿಯನ್ನೋ ಕಳೆದುಕೊಂಡ ನಮ್ಮ ಮನೆಗಳಲ್ಲೂ ಬಟ್ಟೆಯ ಗಂಟೊಂದು ಅಟ್ಟದ ಮೇಲೆ ಹಾಗೇ ಇರುತ್ತದೆ. ಅದನ್ನು ಬಿಚ್ಚಲು ಒಬ್ಬರಿಗೇ ಧೈರ್ಯ ಸಾಲುವುದಿಲ್ಲ, ನಾಲ್ಕು ಜನ ಗೆಳತಿಯರು ಪಕ್ಕದಲ್ಲಿದ್ದರೆ ಕೈ ಮುಂದೆ ಹೋಗುತ್ತದೆ.

ದೊಡ್ಡ ಸಂಖ್ಯೆಯ ಜನ ಸೇರಿ ಹೊಲಿದದ್ದಕ್ಕೂ ನಿದರ್ಶನಗಳಿವೆ. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಬಯಲಲ್ಲಿ ಏಡ್ಸ್‌ನಿಂದ ಸತ್ತವರ ಹೆಸರುಗಳ ಕ್ವಿಲ್ಟನ್ನು ಮೊದಲ ಬಾರಿ ಹರಡಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಒಂದೊಂದೂ ಮೂರು ಅಡಿ ಅಗಲ, ಆರು ಅಡಿ ಉದ್ದ. ನಮ್ಮಲ್ಲಿ, ಸುಧಾ ಮೂರ್ತಿಯವರು ಬರೆದಿರುವಂತೆ, ದೇವದಾಸಿ ಪದ್ಧತಿಯಿಂದ ಹೊರಬಂದ ಮೂರು ಸಾವಿರ ಹೆಂಗಸರು ತಲಾ ಒಂದು ಹೊಲಿಗೆ ಹಾಕಿದ ಹೊದಿಕೆಯನ್ನು ಅವರಿಗೆ ಕೊಟ್ಟರು. 2017ರಲ್ಲಿ ಬಂದ ಅವರ ಪುಸ್ತಕಕ್ಕೆ ಆ ಮೂರು ಸಾವಿರ ಹೊಲಿಗೆಯೇ ಹೆಸರಾಯಿತು. 2023ರ ಜುಲೈನಲ್ಲಿ ಜಿ-20 ಸಭೆಯ ಹೊತ್ತಿಗೆ ಹಂಪಿಯಲ್ಲಿ ಸಂಡೂರು ಭಾಗದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಮಾಡಿದ 1,755 ಕಸೂತಿ, ತೇಪೆ ಕೆಲಸದ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಕನ್ನಡಿ ಚೂರು, ಕವಡೆ, ಚೌಕದ ಮೇಲೊಂದು ಚೌಕ: ತಾಂಡಾದ ಹೆಣ್ಣುಮಕ್ಕಳ ಕೈಯಲ್ಲಿ ಚಿಂದಿ ಬಟ್ಟೆಯೂ ಹಬ್ಬದ ಉಡುಪಾಗುತ್ತದೆ. ದಾಖಲೆಗಿಂತ ಅದೇ ದೊಡ್ಡದು.

ಇಷ್ಟೆಲ್ಲ ಮೆಚ್ಚುಗೆಯ ನಡುವೆ ಕೂಲಿಯ ಮಾತು ಮುಚ್ಚಿಹೋಗಬಾರದು. ಬೆಂಗಳೂರಿನ ಮೇಳಗಳಲ್ಲಿ ಕೈಹೊಲಿಗೆಯ ಕೌದಿಯ ಬೆಲೆ ಕೇಳಿ ಹುಬ್ಬೇರಿಸುವವರು ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. 24 ಗಂಟೆ ಎಂದರೆ ಎಂಟು ಗಂಟೆಯ ಮೂರು ಆಳಿನ ದಿನ. ಬಟ್ಟೆ ಆರಿಸುವುದು, ಒಗೆಯುವುದು, ಕತ್ತರಿಸುವುದು ಇದರಲ್ಲಿ ಸೇರಿಲ್ಲ. ತೋಟದ ಕೆಲಸಕ್ಕೆ ಬಂದ ಹೆಣ್ಣಾಳಿಗೆ ನಾವು ಕೊಡುವ ಮೂರು ದಿನದ ಕೂಲಿಗಿಂತ ಕಡಿಮೆಗೆ ಪೂರ್ತಿ ಅಳತೆಯ ಕೌದಿ ಸಿಕ್ಕಿದರೆ, ಯಾರದೋ ದುಡಿಮೆಗೆ ನಾವು ಬೆಲೆ ಕೊಟ್ಟಿಲ್ಲ ಎಂದೇ ಅರ್ಥ. ಊರಿಗೆ ಬಂದ ಅಲೆಮಾರಿ ಹೆಂಗಸಿನ ಹತ್ತಿರ ಚೌಕಾಸಿ ಮಾಡಿ ಗಳಿಸುವ ನೂರು ರೂಪಾಯಿಯಲ್ಲಿ ಯಾವ ಲಾಭವೂ ಇಲ್ಲ. ಸ್ವತಃ ಒಮ್ಮೆ ನಾಲ್ಕು ಸಾಲು ಹೊಲಿದವರು ಆಮೇಲೆ ಚೌಕಾಸಿ ಮಾಡುವುದಿಲ್ಲ. ಗೆಳತಿಯರು ಸೇರಿ ಹೊಲಿಯುವುದರ ದೊಡ್ಡ ಪ್ರಯೋಜನವೆಂದು ನಾನು ತಿಳಿದಿರುವುದು ಇದನ್ನೇ.

ನಿಮ್ಮ ಊರಿನಲ್ಲೂ ಇದನ್ನು ಮಾಡಬಹುದು. ರಾಗಿ ಕಣ ಮುಗಿದು, ಮದುವೆ ಓಡಾಟ ಶುರುವಾಗುವ ಮುಂಚಿನ ದಿನಗಳು ಒಳ್ಳೆಯವು. ಬಿಸಿಲೂ ಹಗುರ, ಹಗಲ ಬೆಳಕೂ ನಿಚ್ಚಳ. ನಾಲ್ಕರಿಂದ ಆರು ಜನ ಸಾಕು, ಅದಕ್ಕಿಂತ ಹೆಚ್ಚಾದರೆ ಮಂಡಿಗೆ ಮಂಡಿ ತಾಕುತ್ತದೆ. ವಸ್ತುವನ್ನು ವಾರ ಮೊದಲೇ ಗೊತ್ತುಮಾಡಿ, ಎಲ್ಲರೂ ಅವರವರ ಮನೆಯ ಬಟ್ಟೆ ಒಗೆದು ತರಲಿ. ಅಡುಗೆ ಆ ಮನೆಯವಳೊಬ್ಬಳ ಮೇಲೆ ಬೀಳದಂತೆ ನೋಡಿಕೊಳ್ಳಿ. ಗಂಡಸರಿಗೂ ಆ ದಿನ ಒಲೆಯ ಕೆಲಸ ವಹಿಸಬಹುದು. ಕೈ ಪಳಗಿದ ಹಿರಿಯರೊಬ್ಬರು ಜೊತೆಗಿರಲಿ, ಅವರ ದಿನಗೂಲಿಯನ್ನು ಗೌರವದಿಂದ ಕೊಡಿ. ಮೊದಲ ಸಲಕ್ಕೆ ತೊಟ್ಟಿಲ ಅಳತೆಯದು, ಎರಡೂವರೆ ಅಡಿಗೆ ಮೂರು ಅಡಿ, ಸಾಕು. ನಾಲ್ವರಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತದೆ. ಮುಗಿದ ಮೇಲೆ ಹಿಂಬದಿಯ ಮೂಲೆಯಲ್ಲಿ ಹೊಲಿದವರೆಲ್ಲರ ಹೆಸರು, ಊರು, ಇಸವಿಯನ್ನು ದಾರದಲ್ಲೇ ಬರೆಯಿರಿ. ನಮ್ಮ ಅಜ್ಜಿಯರು ಹೊಲಿದ ಕೌದಿಗಳಲ್ಲಿ ಆ ಹೆಸರುಗಳು ಇಲ್ಲ.